ನಿನ್ನ ಕೊನೆಯ ಟಿಡಿ ಯಾವಾಗ?



ನವೆಂಬರ್ 2ರ ಮೃತರ ದಿನಕ್ಕೆ ಮುಂಚಿನ ಶನಿವಾರ ನಾವೆಲ್ಲ ಸಮಾಧಿ ಸ್ಥಳದಲ್ಲಿ ಶ್ರಮದಾನ ಮಾಡಿದ್ದು ನಿಮಗೆ ಗೊತ್ತು. ಫೋಟೋಗಳನ್ನು ವಾಟ್ಸಾಪ್ ಗುಂಪಿನಲ್ಲಿ ನೋಡಿದ್ದೀರಿ. ಆದರೆ ಫೋಟೋದಲ್ಲಿ ಬಾರದ ಒಂದು ವಿಷಯ ಇದೆ. ಹನ್ನೊಂದು ಗಂಟೆಯ ಹೊತ್ತಿಗೆ ಕಂಪೌಂಡಿನ ಮೂಲೆಯ ಪೊದೆ ಕಡಿಯುತ್ತಿದ್ದ ಹತ್ತನೇ ತರಗತಿಯ ಹುಡುಗನೊಬ್ಬ ಹಳೆಯ ಮುಳ್ಳುತಂತಿಯ ತುಂಡಿನ ಮೇಲೆ ಕಾಲಿಟ್ಟ. ಹವಾಯಿ ಚಪ್ಪಲಿ ದಾಟಿ ತಂತಿ ಪಾದದೊಳಗೆ ಹೋಗಿತ್ತು. ರಕ್ತ ಹೆಚ್ಚೇನೂ ಬರಲಿಲ್ಲ. ಅವನು "ಏನೂ ಆಗಿಲ್ಲ ಅಕ್ಕಾ" ಎಂದು ಅದರ ಮೇಲೆ ಮಣ್ಣು ಒರೆಸಿ ಮತ್ತೆ ಕತ್ತಿ ಹಿಡಿದ. ನಾನು ಬಿಡಲಿಲ್ಲ. ಸ್ಕೂಟರಿನಲ್ಲಿ ಕೂರಿಸಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋದೆ.

ಅಲ್ಲಿ ನರ್ಸ್ ಗಾಯ ತೊಳೆಯುತ್ತಾ ಕೇಳಿದರು: "ಕೊನೆಯ ಟಿಡಿ ಯಾವಾಗ ತೆಗೆದುಕೊಂಡದ್ದು?"

ಹುಡುಗ ನನ್ನ ಮುಖ ನೋಡಿದ. ಅವನ ತಾಯಿಗೆ ಫೋನ್ ಮಾಡಿದೆ. "ಸಣ್ಣದಿರುವಾಗ ಎಲ್ಲ ಇಂಜೆಕ್ಷನ್ ಕೊಡಿಸಿದ್ದೇವೆ, ಪೋಲಿಯೋ ಹನಿ ಸಹ ಹಾಕಿಸಿದ್ದೇವೆ" ಎಂದರು. ನರ್ಸ್ ಕೇಳಿದ್ದು ಅದಲ್ಲ, ಹತ್ತು ವರ್ಷದಲ್ಲಿ ಕೊಡುವುದನ್ನು. "ಅದು ಶಾಲೆಯಲ್ಲಿ ಕೊಟ್ಟಿರಬೇಕು" ಎಂದರು ತಾಯಿ. ಹುಡುಗ ಪಕ್ಕದಿಂದ ಹೇಳಿದ: "ಐದನೇ ಕ್ಲಾಸಲ್ಲಿ ಶಾಲೆ ಎಲ್ಲಿತ್ತು ಅಕ್ಕಾ? ಕೊರೊನಾ ಅಲ್ವಾ?"

ಅವನಿಗೆ ಟಿಡಿ ಕೊಟ್ಟರು, ಗಾಯಕ್ಕೆ ಪಟ್ಟಿ ಕಟ್ಟಿದರು. ಎರಡು ಭಾನುವಾರ ಕುಂಟುತ್ತಾ ಪೂಜೆಗೆ ಬಂದ, ಈಗ ವಾಲಿಬಾಲ್ ಆಡುತ್ತಿದ್ದಾನೆ. ಅವನ ಕಥೆ ಅಲ್ಲಿಗೆ ಮುಗಿಯಿತು. ಮುಗಿಯದೇ ಉಳಿದದ್ದು ನನ್ನದು. ಹೊರಡುವಾಗ ನರ್ಸ್ ನನ್ನ ಕಡೆ ತಿರುಗಿ "ನಿಮ್ಮದು?" ಎಂದು ಕೇಳಿದರು. ನಾನು ಬಿಎಸ್ಸಿ ಓದಿದವಳು. ಪರೀಕ್ಷೆಯಲ್ಲಿ ರೋಗನಿರೋಧಕ ಶಕ್ತಿಯ ಬಗ್ಗೆ ಹತ್ತು ಅಂಕದ ಪ್ರಶ್ನೆಗೆ ಚಿತ್ರ ಸಹಿತ ಉತ್ತರ ಬರೆದವಳು. ನನ್ನ ಕೊನೆಯ ಟಿಡಿ ಯಾವಾಗ ಎಂದು ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಅಮ್ಮನನ್ನು ಕೇಳಿದಾಗ ಹಳೆಯದೊಂದು ವಿಷಯ ಹೊರಬಂತು. ನಾನು ಹತ್ತನೇ ತರಗತಿಯಲ್ಲಿದ್ದಾಗ ಶಾಲೆಯಿಂದ ಒಂದು ಚೀಟಿ ಕೊಟ್ಟಿದ್ದರು, ಹೆತ್ತವರು ಸಹಿ ಹಾಕಿ ಕಳಿಸಬೇಕಾದ ಒಪ್ಪಿಗೆ ಪತ್ರ. ಪೂರ್ತಿ ಮಲಯಾಳದಲ್ಲಿತ್ತು. ನಾನು ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಅಮ್ಮ ಕನ್ನಡ ಓದುತ್ತಾರೆ, ಮಲಯಾಳ ಮಾತಾಡಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬಾರದು ಎಂದು ಅಪ್ಪ ಹೇಳಿದ್ದರಂತೆ. ತಪ್ಪೇನಿಲ್ಲ, ಒಳ್ಳೆಯ ಬುದ್ಧಿಯೇ. ಯಾರಲ್ಲಾದರೂ ಓದಿಸೋಣ ಎಂದು ಅಮ್ಮ ಅದನ್ನು ಅಲ್ತಾರಿನ ಹಿಂದೆ ಇಟ್ಟರು. ಅಲ್ಲಿ ಇಟ್ಟದ್ದು ಏನಾಗುತ್ತದೆ ಎಂದು ನಮ್ಮ ಎಲ್ಲ ಮನೆಯವರಿಗೂ ಗೊತ್ತು. ಕರೆಂಟ್ ಬಿಲ್ಲು, ಹಳೆಯ ಗರಿಗಳು, ಮದುವೆ ಕಾಗದಗಳ ಜತೆ ಅದೂ ಸೇರಿತು. ಇಂಜೆಕ್ಷನ್ ಕೊಡುವ ದಿನ ಚೀಟಿ ತಾರದವರನ್ನು ಬೇರೆ ಬೆಂಚಿನಲ್ಲಿ ಕೂರಿಸಿದರು. ನಾವು ಆರೇಳು ಮಂದಿ. ಸೂಜಿ ತಪ್ಪಿತೆಂದು ನಮಗೆ ಭಾರೀ ಖುಷಿ.

ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂದರೆ, ನಮ್ಮ ಗಡಿನಾಡಿನ ಮಕ್ಕಳಿಗೆ ಈ ಎರಡು ಇಂಜೆಕ್ಷನ್ ತಪ್ಪಿಹೋಗುವುದು ಯಾರೂ ವಿರೋಧಿಸಿದ್ದರಿಂದ ಅಲ್ಲ. ಅದು ಯಾರ ಲೆಕ್ಕದಲ್ಲೂ ಇಲ್ಲದ್ದರಿಂದ.

ಸರಕಾರದ ಲಸಿಕಾ ಪಟ್ಟಿಯನ್ನೇ ನೋಡಿ. ಮಗುವಿಗೆ ಆರು, ಹತ್ತು, ಹದಿನಾಲ್ಕು ವಾರಗಳಲ್ಲಿ ಪೆಂಟಾವೇಲೆಂಟ್. ಅದರೊಳಗೆ ಗಂಟಲಮಾರಿ ಅಂದರೆ ಡಿಫ್ತೀರಿಯಾ, ನಾಯಿಕೆಮ್ಮು, ಧನುರ್ವಾಯು ಮೂರರ ಲಸಿಕೆಯೂ ಇದೆ. 16ರಿಂದ 24 ತಿಂಗಳೊಳಗೆ ಡಿಪಿಟಿ ಬೂಸ್ಟರ್, 5ರಿಂದ 6 ವರ್ಷದೊಳಗೆ ಇನ್ನೊಂದು. ಇಷ್ಟರವರೆಗೆ ನಮ್ಮ ತಾಯಂದಿರು ಎಷ್ಟು ಮಳೆಯಿದ್ದರೂ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಹೋಗದಿದ್ದರೆ ಆಶಾ ಕಾರ್ಯಕರ್ತೆ ಮನೆಗೇ ಬಂದು ಕೇಳುತ್ತಾರೆ. ಆಮೇಲೆ 10 ವರ್ಷಕ್ಕೆ ಒಂದು ಟಿಡಿ, 16 ವರ್ಷಕ್ಕೆ ಇನ್ನೊಂದು. ಇಲ್ಲಿ ಹಗ್ಗ ಕೈತಪ್ಪುತ್ತದೆ. ತಾಯಿ ಶಾಲೆಯಲ್ಲಿ ಕೊಟ್ಟಿರಬೇಕು ಅಂದುಕೊಳ್ಳುತ್ತಾರೆ. ಶಾಲೆಯವರು ಚೀಟಿ ಬಾರದಿದ್ದರೆ ಮನೆಯವರಿಗೆ ಬೇಡ ಅಂದುಕೊಳ್ಳುತ್ತಾರೆ. ಹುಡುಗನಿಗೆ ಇಂಜೆಕ್ಷನ್ ಕಾರ್ಡ್ ಅಂದರೆ ಪಾಪುವಿನದ್ದು, ತಾನೀಗ ದೊಡ್ಡವನು.

ಹದಿನಾರರದ್ದು ನಮಗೆ ಇನ್ನೂ ಕಷ್ಟ. ಆ ವಯಸ್ಸಿನಲ್ಲಿ ನಮ್ಮ ಮಕ್ಕಳು ಎಲ್ಲಿರುತ್ತಾರೆ? ಹತ್ತನೇ ಮುಗಿಸಿದ್ದು ಕೇರಳದ ಶಾಲೆಯಲ್ಲಿ, ಪಿಯುಸಿಗೆ ಸೇರಿದ್ದು ಮಂಗಳೂರಿನಲ್ಲಿ. ಬೆಳಿಗ್ಗೆ ರೈಲು ಹಿಡಿಯುತ್ತಾರೆ ಅಥವಾ ಹಾಸ್ಟೆಲಿನಲ್ಲಿ ಇರುತ್ತಾರೆ. ಇಲ್ಲಿನ ಆರೋಗ್ಯ ಕೇಂದ್ರದ ಪುಸ್ತಕದಲ್ಲಿ ಹೆಸರಿದೆ, ಮಗು ಇಲ್ಲ. ಅಲ್ಲಿ ಮಗು ಇದೆ, ಪುಸ್ತಕದಲ್ಲಿ ಹೆಸರಿಲ್ಲ. ಹತ್ತನೇ ತರಗತಿಯಲ್ಲೇ ಕೊಡುವ ಕಡೆಗಳಲ್ಲೂ ಪರೀಕ್ಷೆಯ ಹೆದರಿಕೆ: "ಜ್ವರ ಬಂದರೆ ಮಾಡೆಲ್ ಪರೀಕ್ಷೆ ಹೋಯಿತು." ಕೈ ಒಂದೆರಡು ದಿನ ನೋಯುತ್ತದೆ, ಕೆಲವರಿಗೆ ಒಂದು ದಿನ ಸಣ್ಣ ಜ್ವರ ಬರುತ್ತದೆ, ಅದು ನಿಜ. ಅದಕ್ಕೆ ಪರೀಕ್ಷೆ ಮುಗಿದ ಮೇಲೆ ತೆಗೆದುಕೊಳ್ಳಬಹುದು. ಆದರೆ ಪರೀಕ್ಷೆ ಮುಗಿದ ಮೇಲೆ ಯಾರು ನೆನಪಿಡುತ್ತಾರೆ?

ಈಗ, ಇದೆಲ್ಲ ಅಷ್ಟು ದೊಡ್ಡ ವಿಷಯವಾ ಎಂದು ಕೇಳುವವರಿಗೆ ಈ ಎರಡು ಕಾಯಿಲೆಗಳ ಬಗ್ಗೆ ಸ್ವಲ್ಪ ಹೇಳಬೇಕು.

ಧನುರ್ವಾಯು ಎಂಬ ಹೆಸರಿನಲ್ಲೇ ಕಾಯಿಲೆಯ ಚಿತ್ರ ಇದೆ, ಬೆನ್ನು ಬಿಲ್ಲಿನ ಹಾಗೆ ಬಾಗುವುದು. ತುಕ್ಕು ಹಿಡಿದ ಕಬ್ಬಿಣದಿಂದ ಬರುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ತುಕ್ಕಿಗೂ ಅದಕ್ಕೂ ನೇರ ಸಂಬಂಧ ಇಲ್ಲ. ರೋಗಾಣು ಇರುವುದು ಮಣ್ಣಿನಲ್ಲಿ, ಸೆಗಣಿಯಲ್ಲಿ, ಧೂಳಿನಲ್ಲಿ. ಕಲ್ಲಿನಂಥ ಬೀಜಕಣವಾಗಿ ವರ್ಷಗಟ್ಟಲೆ ಅಲ್ಲೇ ಬಿದ್ದಿರುತ್ತದೆ. ಮುಳ್ಳು, ಮೊಳೆ, ಅಡಿಕೆ ಸಲಾಕೆಯ ಸಿಬಿರು ಆಳಕ್ಕೆ ಹೋಗಿ ಮೇಲೆ ಮುಚ್ಚಿಕೊಂಡರೆ ಒಳಗೆ ಗಾಳಿ ಆಡದ ಜಾಗ ಆಗುತ್ತದೆ, ಅದೇ ಅದಕ್ಕೆ ಬೇಕಾದದ್ದು. ಅಲ್ಲಿ ಎದ್ದು ವಿಷ ಬಿಡುತ್ತದೆ. ಆ ವಿಷ ನರದ ದಾರಿ ಹಿಡಿದು ಬೆನ್ನುಹುರಿಗೆ ಹೋಗಿ, ಸ್ನಾಯುಗಳಿಗೆ "ಸಾಕು, ಸಡಿಲಾಗು" ಎಂದು ಹೇಳುವ ಸಂಕೇತವನ್ನೇ ತಡೆಯುತ್ತದೆ. ಮೊದಲು ದವಡೆ ಬಿಗಿಯುತ್ತದೆ, ಆಮೇಲೆ ಕುತ್ತಿಗೆ, ಬೆನ್ನು. ಗಾಯ ಆದ ಮೂರು ದಿನದಿಂದ ಮೂರು ವಾರದೊಳಗೆ ಸಾಮಾನ್ಯವಾಗಿ ಇದು ಶುರುವಾಗುತ್ತದೆ, ಅಷ್ಟು ಹೊತ್ತಿಗೆ ಗಾಯ ಒಣಗಿ ಮರೆತೇ ಹೋಗಿರುತ್ತದೆ. ಹಟ್ಟಿಗೊಬ್ಬರ ಹೊರುವ, ಬರಿಗಾಲಲ್ಲಿ ತೋಟಕ್ಕೆ ಹೋಗುವ, ಶಾಲೆಯ ಮೈದಾನದಲ್ಲಿ ಮೊಣಕಾಲು ತರಚಿಕೊಳ್ಳುವ ನಮ್ಮ ಮಕ್ಕಳಿಗೆ ಇದು ದೂರದ ಕಾಯಿಲೆ ಅಲ್ಲ.

ನನ್ನ ಅಜ್ಜಿಯ ತಮ್ಮನೊಬ್ಬ ಹುಟ್ಟಿ ಎಂಟನೇ ದಿನ ಹಾಲು ಕುಡಿಯುವುದು ಬಿಟ್ಟು, ಮೈ ಸೆಟೆದು ತೀರಿಹೋದನಂತೆ. ದೃಷ್ಟಿ ತಾಗಿತು ಎಂದು ಮನೆಯವರು ನಂಬಿದ್ದರು. ಅಜ್ಜಿ ಹೇಳುವ ಲಕ್ಷಣ ಕೇಳಿದರೆ ಅದು ಹೊಕ್ಕುಳಬಳ್ಳಿಯ ಗಾಯದಿಂದ ಬರುವ ಧನುರ್ವಾಯುವೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ಗರ್ಭಿಣಿಯರಿಗೆ ಲಸಿಕೆ, ಆಸ್ಪತ್ರೆಯಲ್ಲಿ ಹೆರಿಗೆ, ಶುದ್ಧ ಬ್ಲೇಡು ಇವುಗಳಿಂದ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನೆಯ ಮಟ್ಟಕ್ಕೆ ಇಳಿದಿದೆ ಎಂದು 2015ರಲ್ಲಿ ನಮ್ಮ ದೇಶಕ್ಕೆ ಮಾನ್ಯತೆ ಸಿಕ್ಕಿತು. ಆದರೆ ಮಣ್ಣಿನಿಂದ ರೋಗಾಣು ಹೋಗಿಲ್ಲ, ಹೋಗುವುದೂ ಇಲ್ಲ. ಇನ್ನೂ ಒಂದು ವಿಚಿತ್ರ: ಧನುರ್ವಾಯು ಬಂದು ಬದುಕಿ ಉಳಿದವರಿಗೂ ಅದರಿಂದ ರಕ್ಷಣೆ ಹುಟ್ಟುವುದಿಲ್ಲ. ಆ ವಿಷ ಎಷ್ಟು ತೀಕ್ಷ್ಣ ಎಂದರೆ, ಕಾಯಿಲೆ ತರಿಸುವ ಪ್ರಮಾಣ ದೇಹಕ್ಕೆ ಪಾಠ ಕಲಿಸಲು ಸಾಲುವುದಿಲ್ಲ. ಅವರೂ ಲಸಿಕೆ ಹಾಕಿಸಿಕೊಳ್ಳಲೇಬೇಕು. ಇದು ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆಯೂ ಅಲ್ಲ. ಹಾಗಾಗಿ ಊರಿನವರೆಲ್ಲ ಹಾಕಿಸಿಕೊಂಡರೂ ನಿನಗೆ ಅದರಿಂದ ಒಂದು ಪೈಸೆಯ ಲಾಭ ಇಲ್ಲ. ನಿನ್ನ ಕಾಲು, ನಿನ್ನ ಲಸಿಕೆ.

ಗಂಟಲಮಾರಿ ಇದಕ್ಕೆ ಪೂರ್ತಿ ಉಲ್ಟಾ. ಅದು ಮನುಷ್ಯನಿಂದ ಮನುಷ್ಯನಿಗೆ ಕೆಮ್ಮು, ಸೀನು, ಉಸಿರಿನ ಹನಿಗಳಲ್ಲಿ ಹೋಗುತ್ತದೆ. ಎರಡರಿಂದ ಐದು ದಿನದಲ್ಲಿ ಗಂಟಲು ನೋವು, ಜ್ವರ, ಗಂಟಲೊಳಗೆ ಬೂದು ಬಣ್ಣದ ದಪ್ಪ ಪೊರೆ, ಕುತ್ತಿಗೆ ಊದಿಕೊಳ್ಳುತ್ತದೆ. ಪೊರೆ ಉಸಿರು ಕಟ್ಟಿಸಬಹುದು. ಅದಕ್ಕಿಂತ ಮೋಸದ್ದು ರಕ್ತಕ್ಕೆ ಸೇರುವ ವಿಷ. ಗಂಟಲು ವಾಸಿಯಾಯಿತು ಅನ್ನುವಾಗ ಹೃದಯವನ್ನು, ನರಗಳನ್ನು ಹಿಡಿಯುತ್ತದೆ. ವಿಷಕ್ಕೆ ಪ್ರತಿವಿಷ ಇದೆ, ಕುದುರೆಯ ರಕ್ತದಿಂದ ತಯಾರಿಸುವಂಥದ್ದು. ಅದನ್ನು ಮೊದಲು ಬಳಕೆಗೆ ತಂದ ಎಮಿಲ್ ವಾನ್ ಬೆಹ್ರಿಂಗ್ ಅವರಿಗೆ 1901ರಲ್ಲಿ ವೈದ್ಯಶಾಸ್ತ್ರದ ಮೊಟ್ಟಮೊದಲ ನೊಬೆಲ್ ಕೊಟ್ಟರು. ಆದರೆ ಜೀವಕೋಶದೊಳಗೆ ಆಗಲೇ ನುಗ್ಗಿದ ವಿಷವನ್ನು ಪ್ರತಿವಿಷ ಹಿಂದಕ್ಕೆ ಎಳೆಯಲಾರದು. ತಡವಾದಷ್ಟೂ ನಷ್ಟ. ಈಗಲೂ ಚಿಕಿತ್ಸೆ ಸಿಕ್ಕಿದವರಲ್ಲೇ ಹತ್ತಿಪ್ಪತ್ತು ಜನರಿಗೆ ಒಬ್ಬರು ಸಾಯುವ ಕಾಯಿಲೆ ಇದು.

ಇದು ಹಳೇ ಕಾಲದ ಕಾಯಿಲೆ ಎಂದುಕೊಂಡವರು 2016 ನೆನಪಿಸಿಕೊಳ್ಳಿ. ನಾನು ಹತ್ತನೇ ಮುಗಿಸಿದ ವರ್ಷ. ನಮ್ಮದೇ ರಾಜ್ಯದ ಮಲಪ್ಪುರಂ ಜಿಲ್ಲೆಯಲ್ಲಿ ಗಂಟಲಮಾರಿ ಹರಡಿತು, ಹದಿಹರೆಯದ ಮಕ್ಕಳು ಸತ್ತರು. ಆಗ ನಮ್ಮಲ್ಲಿ ಕೆಲವರು "ಅಲ್ಲಿಯ ಜನ ಇಂಜೆಕ್ಷನ್ ಹಾಕಿಸಿಕೊಳ್ಳುವುದಿಲ್ಲ, ಅದು ಅವರ ಸಮಸ್ಯೆ" ಎಂದು ಮಾತಾಡಿದ್ದನ್ನು ನಾನೇ ಕೇಳಿದ್ದೇನೆ. ಅದೇ ಹೊತ್ತಿಗೆ ನನ್ನ ಚೀಟಿ ಅಲ್ತಾರಿನ ಹಿಂದೆ ಇತ್ತು. ದಕ್ಷಿಣದಿಂದ ನಮ್ಮ ಸ್ಟೇಷನ್ನಿಗೆ ಬರುವ ರೈಲು ತಿರೂರು ದಾಟಿಯೇ ಬರುತ್ತದೆ.

ಲಸಿಕೆಯ ಕೆಲಸ ಏನು ಎಂದರೆ, ಈ ಎರಡೂ ರೋಗಗಳ ವಿಷವನ್ನು ಫಾರ್ಮಲಿನ್ನಿನಿಂದ ಸಾಧುಗೊಳಿಸಿ, ಹಲ್ಲು ಕಿತ್ತ ಹಾವಿನ ಹಾಗೆ ಮಾಡಿ ದೇಹಕ್ಕೆ ತೋರಿಸುವುದು. ದೇಹ ಅದನ್ನು ಗುರುತು ಹಿಡಿದು ಪ್ರತಿಕಾಯ ತಯಾರಿಸುತ್ತದೆ, ಗುರುತನ್ನು ನೆನಪಿಟ್ಟುಕೊಳ್ಳುವ ಜೀವಕೋಶಗಳನ್ನೂ ಇಟ್ಟುಕೊಳ್ಳುತ್ತದೆ. ಆದರೆ ಪ್ರತಿಕಾಯದ ಮಟ್ಟ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಐದು ವರ್ಷದಲ್ಲಿ ಕೊಟ್ಟದ್ದು ಹದಿನೈದರಲ್ಲಿ ಅದೇ ಮಟ್ಟದಲ್ಲಿ ಇರುವುದಿಲ್ಲ. ಹತ್ತಕ್ಕೆ, ಹದಿನಾರಕ್ಕೆ ಕೊಡುವ ಬೂಸ್ಟರ್ ಆ ನೆನಪನ್ನು ಎಬ್ಬಿಸಿ ಮಟ್ಟವನ್ನು ಮತ್ತೆ ಮೇಲಕ್ಕೆತ್ತುತ್ತದೆ. ಅಂದಹಾಗೆ, ಇಂಗ್ಲಿಷಿನಲ್ಲಿ ಟಿಡಿ ಬರೆಯುವಾಗ ಟಿ ದೊಡ್ಡಕ್ಷರ, ಡಿ ಸಣ್ಣಕ್ಷರ. ಅದು ಮುದ್ರಣದೋಷ ಅಲ್ಲ. ಪುಟ್ಟ ಮಕ್ಕಳ ಲಸಿಕೆಗಿಂತ ಇದರಲ್ಲಿ ಡಿಫ್ತೀರಿಯಾ ಅಂಶ ಕಡಿಮೆ ಎಂದು ಅರ್ಥ. ದೊಡ್ಡವರಿಗೆ ಹೆಚ್ಚು ಕೊಟ್ಟರೆ ಕೈ ಊತ ಜಾಸ್ತಿ, ಅದಕ್ಕೆ.

ಬೂಸ್ಟರ್ ಬಿಟ್ಟುಹೋದರೆ ಏನಾಗುತ್ತದೆ ಎನ್ನುವುದನ್ನು ಜಗತ್ತು 1990ರ ದಶಕದಲ್ಲಿ ನೋಡಿತು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಅಲ್ಲಿನ ದೇಶಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಗಂಟಲಮಾರಿ ಬಂತು, ಸುಮಾರು 5,000 ಮಂದಿ ಸತ್ತರು. ಅವರಲ್ಲಿ ದೊಡ್ಡವರ ಸಂಖ್ಯೆ ಬಹಳ. ಚಿಕ್ಕಂದಿನ ರಕ್ಷಣೆ ಕರಗಿ, ಹೊಸದು ಸಿಗದೆ ಉಳಿದವರು.

ಇದು ನಮ್ಮ ವಯಸ್ಸಿನವರಿಗೂ ತಟ್ಟುತ್ತದೆ. ಈಗ ಇಪ್ಪತ್ತರ ನಂತರ ಇರುವ ನಮ್ಮಲ್ಲಿ ಹೆಚ್ಚಿನವರಿಗೆ ಶಾಲೆಯಲ್ಲಿ ಸಿಕ್ಕಿದ್ದು ಟಿಟಿ. ಅದರಲ್ಲಿ ಧನುರ್ವಾಯುವಿನ ಲಸಿಕೆ ಮಾತ್ರ. ದೇಶದ ಲಸಿಕಾ ಕಾರ್ಯಕ್ರಮದಲ್ಲಿ ಟಿಟಿಯ ಜಾಗಕ್ಕೆ ಟಿಡಿ ಬಂದದ್ದು 2019ರ ಸುಮಾರಿಗೆ, ಗಂಟಲಮಾರಿ ದೊಡ್ಡ ಮಕ್ಕಳಲ್ಲಿ ಹೆಚ್ಚುತ್ತಿದ್ದುದರಿಂದಲೇ. ಅಂದರೆ ಚೀಟಿಗೆ ಸಹಿ ಹಾಕಿಸಿ ಒಳ್ಳೆಯ ವಿದ್ಯಾರ್ಥಿಯಾಗಿ ಇಂಜೆಕ್ಷನ್ ತೆಗೆದುಕೊಂಡವರಿಗೂ ಗಂಟಲಮಾರಿಯ ಕೊನೆಯ ಲಸಿಕೆ ಐದಾರು ವರ್ಷದಲ್ಲಿ ಸಿಕ್ಕಿದ್ದೇ ಇರಬಹುದು. ಹುಡುಗಿಯರಿಗೆ ಮುಂದೆ ಗರ್ಭಿಣಿಯಾದಾಗ ಆದರೂ ಟಿಡಿ ಸಿಗುತ್ತದೆ. ಹುಡುಗರೇ, ನಿಮ್ಮನ್ನು ಹದಿನಾರರ ನಂತರ ಯಾರೂ ಕರೆಯುವುದಿಲ್ಲ. ಗಾಯ ಆದರೆ ಮಾತ್ರ.

ಗಾಯದ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ "ಟಿಟಿ ಆರು ತಿಂಗಳಿಗೆ ಮಾತ್ರ" ಎಂಬ ನಂಬಿಕೆ ಇದೆ. ಒಬ್ಬ ಅಂಕಲ್ ತೋಟದಲ್ಲಿ ಕತ್ತಿ ತಾಗಿದಾಗಲೆಲ್ಲ ಹೋಗಿ ಹಾಕಿಸಿಕೊಳ್ಳುತ್ತಾರೆ, ವರ್ಷಕ್ಕೆ ಎರಡು ಸಲ. ಅವರ ಮಗ ಒಮ್ಮೆಯೂ ಹಾಕಿಸಿಕೊಂಡಿಲ್ಲ. ಚಿಕ್ಕಂದಿನಿಂದ ಎಲ್ಲ ಡೋಸ್ ಸರಿಯಾಗಿ ಆದವರಿಗೆ ಸಣ್ಣ ಸ್ವಚ್ಛ ಗಾಯಕ್ಕೆ ಹತ್ತು ವರ್ಷ, ಮಣ್ಣು ಸೆಗಣಿ ಸೇರಿದ ಆಳದ ಗಾಯಕ್ಕೆ ಐದು ವರ್ಷ ಕಳೆದಿದ್ದರೆ ಮತ್ತೊಂದು ಬೇಕಾಗುತ್ತದೆ. ಲೆಕ್ಕ ಗೊತ್ತಿಲ್ಲದವರಿಗೆ, ಡೋಸ್ ಪೂರ್ತಿ ಆಗದವರಿಗೆ, ಕೊಳಕು ಗಾಯವಾದರೆ ಲಸಿಕೆ ಒಂದೇ ಸಾಲದು, ಸಿದ್ಧ ಪ್ರತಿಕಾಯದ ಇಂಜೆಕ್ಷನ್ ಸಹ ಕೊಡಬೇಕಾಗಬಹುದು. ಯಾಕೆಂದರೆ ಲಸಿಕೆ ಕೆಲಸ ಮಾಡಲು ದಿನಗಳು ಬೇಕು. ದಿನಾಂಕ ಬರೆದಿಟ್ಟರೆ ಅಂಕಲ್‌ಗೆ ಬೇಡದ ಸೂಜಿ ತಪ್ಪುತ್ತದೆ, ಅವರ ಮಗನಿಗೆ ಬೇಕಾದದ್ದು ಸಿಗುತ್ತದೆ.

ಇನ್ನು ವಾಟ್ಸಾಪ್ ಸಂದೇಶಕ್ಕೆ ಬರುತ್ತೇನೆ. ಈ ವಿಷಯವನ್ನು ನಮ್ಮ ಯುವ ಸಭೆಯಲ್ಲಿ ಎತ್ತಿದ ದಿನ ಸಂಜೆಯೇ ಒಬ್ಬ ಆಂಟಿ ನನಗೆ ಒಂದು ಸಂದೇಶ ಕಳಿಸಿದರು: ಧನುರ್ವಾಯು ಲಸಿಕೆಯಲ್ಲಿ ಹೆಣ್ಣುಮಕ್ಕಳಿಗೆ ಮಕ್ಕಳಾಗದಂತೆ ಮಾಡುವ ಔಷಧ ಸೇರಿಸಿದ್ದಾರೆ, ಕಥೋಲಿಕ ಬಿಷಪರೇ ಹೇಳಿದ್ದಾರೆ ಎಂದು. "ಸುಳ್ಳು" ಎಂದು ಒಂದೇ ಪದ ಬರೆದು ಬಿಡಬಹುದಿತ್ತು. ಆದರೆ ಆಂಟಿ ಮೂರ್ಖರಲ್ಲ. ಮಗಳ ಮೇಲಿನ ಕಾಳಜಿಯಿಂದ ಕೇಳಿದ್ದಾರೆ, ಬಿಷಪರ ಹೆಸರು ಬೇರೆ ಇದೆ. ಹಾಗಾಗಿ ಹುಡುಕಿ ಓದಿದೆ.

ಬಿಷಪರ ಮಾತು ನಿಜ. 2014ರಲ್ಲಿ ಕೀನ್ಯಾ ದೇಶದ ಕಥೋಲಿಕ ಬಿಷಪರು ಅಲ್ಲಿನ ಧನುರ್ವಾಯು ಲಸಿಕಾ ಅಭಿಯಾನದ ಬಗ್ಗೆ ಇಂಥದೇ ಆರೋಪ ಮಾಡಿದ್ದರು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ಕೀನ್ಯಾ ಸರಕಾರ ಅದನ್ನು ತಳ್ಳಿಹಾಕಿದವು. ಅದಕ್ಕಿಂತ ಮೊದಲೇ 1990ರ ದಶಕದಲ್ಲಿ ಫಿಲಿಪೈನ್ಸ್, ಮೆಕ್ಸಿಕೋಗಳಲ್ಲಿ ಇದೇ ಗಾಳಿಸುದ್ದಿ ಇತ್ತು. ಈ ಸುದ್ದಿಯ ಬೇರಿನಲ್ಲಿ ಒಂದು ನಿಜಸಂಗತಿ ಇದೆ, ಅದೂ ನಮ್ಮದೇ ದೇಶದ್ದು. ದೆಹಲಿಯಲ್ಲಿ ಡಾ. ಜಿ. ಪಿ. ತಲ್ವಾರ್ ಅವರ ತಂಡ ಗರ್ಭನಿರೋಧಕ ಲಸಿಕೆಯೊಂದನ್ನು ಪ್ರಯೋಗಿಸಿತ್ತು, 1994ರಲ್ಲಿ ಅದರ ವರದಿ ಪ್ರಕಟವಾಯಿತು. ಗರ್ಭ ನಿಲ್ಲಲು ಬೇಕಾದ ಒಂದು ಹಾರ್ಮೋನನ್ನು ದೇಹ ಪರಕೀಯ ಎಂದು ಗುರುತಿಸಲಿ ಎಂದು ಅದನ್ನು ಧನುರ್ವಾಯುವಿನ ಅಥವಾ ಗಂಟಲಮಾರಿಯ ಟಾಕ್ಸಾಯ್ಡಿಗೆ ಅಂಟಿಸಿದ್ದರು. ಅದು ಬೇರೆಯೇ ವಸ್ತು, ಒಪ್ಪಿಗೆ ಕೊಟ್ಟ ಮಹಿಳೆಯರ ಮೇಲೆ ಮಾಡಿದ ಪ್ರಯೋಗ. ಅದರ ಪರಿಣಾಮವೂ ಶಾಶ್ವತ ಆಗಿರಲಿಲ್ಲ. ಎರಡರಲ್ಲೂ ಟಾಕ್ಸಾಯ್ಡ್ ಎಂಬ ಹೆಸರು ಬಂದದ್ದೇ ಸಾಕಾಯಿತು, ಕಥೆ ಹುಟ್ಟಲು. ನಾಡಹಬ್ಬಕ್ಕೆ ಬಂದ ಲಾರಿಯಲ್ಲಿ ಒಮ್ಮೆ ಪಟಾಕಿ ತಂದಿದ್ದರು ಎಂದು ಎಲ್ಲ ಲಾರಿಯಲ್ಲೂ ಪಟಾಕಿ ಇದೆ ಎಂದ ಹಾಗೆ.

ಆಂಟಿಗೆ ನಾನು ಕೊಟ್ಟ ಉತ್ತರ ಇದಕ್ಕಿಂತ ಸರಳ. "ಆಂಟಿ, ನೀವು ಬಸುರಿಯಾದಾಗ ಟಿಟಿ ತೆಗೆದುಕೊಂಡಿರಾ?" ತೆಗೆದುಕೊಂಡಿದ್ದರು, ಮೊದಲ ಮಗಳ ಸಮಯದಲ್ಲಿ ಎರಡು. ಅದಾದ ಮೇಲೆ ಅವರಿಗೆ ಇನ್ನಿಬ್ಬರು ಮಕ್ಕಳು. ನಮ್ಮ ಧರ್ಮಕೇಂದ್ರದ ಹೆಚ್ಚಿನ ತಾಯಂದಿರ ಕಥೆಯೂ ಇದೇ. ಗಂಡುಮಕ್ಕಳಿಗೆ ಕೊಡುವುದೂ ಇದೇ ಸೀಸೆಯಿಂದ. ಇನ್ನೊಬ್ಬರು, ಇದರಲ್ಲಿ ಗರ್ಭಪಾತದ ಭ್ರೂಣದ ಜೀವಕೋಶ ಬಳಸಿದ್ದಾರೆಯೇ ಎಂದು ಕೇಳಿದರು. ಕ್ರೈಸ್ತರಾದ ನಾವು ಕೇಳಬೇಕಾದ ಪ್ರಶ್ನೆಯೇ. ಟಿಡಿಗೆ ಆ ಪ್ರಶ್ನೆ ಅನ್ವಯಿಸುವುದಿಲ್ಲ. ಬ್ಯಾಕ್ಟೀರಿಯಾವನ್ನು ಪೋಷಕ ದ್ರವದಲ್ಲಿ ಬೆಳೆಸಿ ಅದರ ವಿಷದಿಂದ ಇದನ್ನು ತಯಾರಿಸುತ್ತಾರೆ. ಹಿಂದೆ ಒಮ್ಮೆ ಟಿಡಿ ಅಥವಾ ಟಿಟಿ ಕೊಟ್ಟಾಗ ತೀವ್ರ ಅಲರ್ಜಿ ಆದವರು ಮೊದಲು ಡಾಕ್ಟರಿಗೆ ಹೇಳಬೇಕು. ಸೂಜಿ ಕಂಡರೆ ತಲೆ ತಿರುಗುವವರು ಹೊಟ್ಟೆಗೆ ತಿಂದು ಹೋಗಿ, ಅರ್ಧ ಗಂಟೆ ಅಲ್ಲೇ ಕುಳಿತು ಬನ್ನಿ. ನಾನೂ ಕುಳಿತಿದ್ದೆ.

ಪಾಲನಾ ಮಂಡಳಿಯ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು: "ಇದು ಸರಕಾರದ ಕೆಲಸ ಅಲ್ವಾ ಮಗಾ? ಚರ್ಚ್ ಯಾಕೆ ಇದಕ್ಕೆ ಕೈ ಹಾಕಬೇಕು? ಯಾರಿಗಾದರೂ ಏನಾದರೂ ಆದರೆ ನಮ್ಮನ್ನು ಹೇಳುತ್ತಾರೆ." ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಇಂಜೆಕ್ಷನ್ ಕೊಡುವುದು ನಮ್ಮ ಕೆಲಸ ಖಂಡಿತ ಅಲ್ಲ, ಒತ್ತಾಯ ಮಾಡುವುದೂ ಅಲ್ಲ. ನಾನು ಕೇಳುತ್ತಿರುವುದು ಲೆಕ್ಕ ಇಡುವುದನ್ನು. ಲೆಕ್ಕ ಇಡುವುದರಲ್ಲಿ ಚರ್ಚಿನಷ್ಟು ಗಟ್ಟಿ ಯಾರಿದ್ದಾರೆ? ಜ್ಞಾನಸ್ನಾನದ ಪುಸ್ತಕದಲ್ಲಿ ನನ್ನ ಹೆಸರಿನ ಪಕ್ಕದಲ್ಲಿ ದೃಢೀಕರಣ ಆದ ದಿನ ಬರೆದಿದೆ. ನಾಳೆ ಯಾವ ಊರಿನಲ್ಲಿ ಮದುವೆಯಾದರೂ ಆ ದಿನಾಂಕ ಹುಡುಕಿಕೊಂಡು ಬಂದು ಅದೇ ಸಾಲಿನ ಅಂಚಿನಲ್ಲಿ ಸೇರುತ್ತದೆ. ರಾಜ್ಯದ ಗಡಿ ಅದಕ್ಕೆ ಅಡ್ಡ ಬರುವುದಿಲ್ಲ. ನನ್ನ ಇಂಜೆಕ್ಷನ್ ಕಾರ್ಡ್ ಮಾತ್ರ ಐದು ವರ್ಷಕ್ಕೆ ನಿಂತಿದೆ.

ನಮ್ಮ ಮಕ್ಕಳು ಹತ್ತು ವರ್ಷಕ್ಕೆ ಕ್ರೈಸ್ತ ಶಿಕ್ಷಣದ ತರಗತಿಯಲ್ಲಿ ಇರುತ್ತಾರೆ, ಹದಿನಾರರ ಆಸುಪಾಸಿನಲ್ಲಿ ಯುವ ಸಂಘಟನೆಗೆ ಸೇರುತ್ತಾರೆ. ಮಂಗಳೂರಿನ ಹಾಸ್ಟೆಲಿನಲ್ಲಿ ಇರುವವರೂ ಹಬ್ಬಕ್ಕೆ, ಕ್ರಿಸ್ಮಸ್‌ಗೆ ಮನೆಗೆ ಬರುತ್ತಾರೆ. ಆಶಾ ಕಾರ್ಯಕರ್ತೆಗೆ, ಶಾಲೆಗೆ ಸಿಗದ ಮಗು ನಮಗೆ ಸಿಗುತ್ತದೆ. ವಾಳೆಯ ಗುರಿಕಾರರು ವಂತಿಗೆ ಸಂಗ್ರಹಿಸಲು ಮನೆಮನೆಗೆ ಹೋಗುವಾಗ ಒಂದು ಪ್ರಶ್ನೆ ಹೆಚ್ಚು ಕೇಳಿದರೆ ಸಾಕು. ಒಪ್ಪಿಗೆ ಪತ್ರ ಕನ್ನಡದಲ್ಲಿ ಬೇಕು ಎಂದು ಕೇಳುವುದು ಭಾಷಾ ಅಲ್ಪಸಂಖ್ಯಾತರಾದ ನಮ್ಮ ಹಕ್ಕು, ಅದನ್ನು ಕೇಳುತ್ತಲೇ ಇರಬೇಕು. ಬರುವವರೆಗೆ, ಮಲಯಾಳ ಓದಲು ಬರುವ ನಮ್ಮ ಹುಡುಗ ಹುಡುಗಿಯರು ಪಕ್ಕದ ಮನೆಯ ಚೀಟಿ ಓದಿ ಹೇಳಲು ಎಷ್ಟು ಹೊತ್ತು ಬೇಕು? ನನ್ನ ಅಮ್ಮನಿಗೆ ಆ ದಿನ ಬೇಕಾಗಿದ್ದದ್ದು ಅಷ್ಟೇ, ಎರಡು ನಿಮಿಷ.

"ದೇವರು ಕಾಪಾಡುತ್ತಾನೆ" ಎಂದು ಹೇಳುವವರ ಜತೆ ನನಗೆ ಜಗಳ ಇಲ್ಲ, ನಾನೂ ಹಾಗೆಯೇ ನಂಬುವವಳು. ದಾರಿಯಲ್ಲಿ ಬಿದ್ದವನ ಗಾಯಕ್ಕೆ ಆ ಸಮಾರಿಯದವನು ಪ್ರಾರ್ಥನೆ ಹೇಳಿ ಹೋಗಲಿಲ್ಲ, ಎಣ್ಣೆ ದ್ರಾಕ್ಷಾರಸ ಹಾಕಿ ಕಟ್ಟಿದ. ಆ ಕಾಲಕ್ಕೆ ಗೊತ್ತಿದ್ದ ಔಷಧ ಅದು. ಗಂಟಲಮಾರಿಯ ವಿಷಯದಲ್ಲಿ ಇನ್ನೊಂದನ್ನೂ ಹೇಳಬೇಕು. ಲಸಿಕೆ ಆದವರ ಗಂಟಲಲ್ಲೂ ರೋಗಾಣು ಸದ್ದಿಲ್ಲದೆ ಕೂತಿರಬಹುದು. ಅವರಿಗೆ ಕಾಯಿಲೆ ಆಗದೆ ಪಕ್ಕದವರಿಗೆ ದಾಟಬಹುದು. ಕಾಯಿಲೆ ಬಿದ್ದವರಿಂದ ಹರಡುವಷ್ಟು ಅಲ್ಲ, ಆದರೂ ಸಾಧ್ಯ. ಗಾಯನ ಮಂಡಳಿಯಲ್ಲಿ ಒಂದೇ ಬೆಂಚಿನಲ್ಲಿ ನಿಂತು ಹಾಡುವ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಹಾಕಿಸಿಕೊಂಡರೆ ಹನ್ನೆರಡನೆಯವರು ಪೂರ್ತಿ ಸುರಕ್ಷಿತ ಎಂದು ಹೇಳಲಾಗದು.

ಹತ್ತಕ್ಕೆ ತಪ್ಪಿದವರು ಹದಿನಾರರವರೆಗೆ ಕಾಯುವುದು ಬೇಡ. ಹದಿನಾರು ದಾಟಿದವರೂ ತಡವಾಯಿತು ಎಂದು ಬಿಡುವುದು ಬೇಡ. ಹಳೆಯ ಡೋಸ್‌ಗಳು ವ್ಯರ್ಥವಾಗಿಲ್ಲ, ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಚಿಕ್ಕಂದಿನಲ್ಲಿ ಏನೂ ಆಗದವರಿಗೆ ಒಂದಕ್ಕಿಂತ ಹೆಚ್ಚು ಡೋಸ್, ಅಂತರ ಡಾಕ್ಟರ್ ಹೇಳುತ್ತಾರೆ. ಸರಕಾರಿ ಕೇಂದ್ರದಲ್ಲಿ ಹತ್ತು ಮತ್ತು ಹದಿನಾರರ ಟಿಡಿಗೆ ದುಡ್ಡಿಲ್ಲ.

ಫಾದರ್ ಒಪ್ಪಿದ್ದಾರೆ. ಬರುವ ಭಾನುವಾರ ಎರಡನೇ ಪೂಜೆಯ ನಂತರ ಸಭಾಭವನದ ಬಾಗಿಲಲ್ಲಿ ಒಂದು ಮೇಜು ಹಾಕಿ ನಾನೂ ಇನ್ನಿಬ್ಬರೂ ಕೂರುತ್ತೇವೆ. ಒಂಬತ್ತರಿಂದ ಹದಿನೆಂಟು ವರ್ಷದವರ ಹೆಸರು, ಹುಟ್ಟಿದ ದಿನ, ಕೊನೆಯ ಇಂಜೆಕ್ಷನ್ನಿನ ದಿನ ಬರೆದುಕೊಳ್ಳುತ್ತೇವೆ, ಬೇರೆ ಏನೂ ಇಲ್ಲ. ಆ ಪಟ್ಟಿ ಹಿಡಿದು ಆರೋಗ್ಯ ಕೇಂದ್ರದವರಲ್ಲಿ ದಿನ ಕೇಳುತ್ತೇವೆ. ಅಲ್ತಾರಿನ ಹಿಂದೆ ಒಮ್ಮೆ ಕೈ ಹಾಕಿ ನೋಡಿ, ಕಾರ್ಡ್ ಸಿಕ್ಕಿದರೆ ತನ್ನಿ. ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಸಿ. ಪಟ್ಟಿಯ ಮೊದಲ 2 ಹೆಸರು ಆಗಲೇ ಬರೆದಿದ್ದೇನೆ: ಮುಳ್ಳುತಂತಿಯ ಹುಡುಗನದ್ದು, ವಯಸ್ಸು ಮೀರಿದರೂ ನನ್ನದು.